ಜೊತೆಗಣ್ಣು

ಚಪ್ಪಲಿಯ ಸದ್ದು — ಒಂದು ಕಾಲಿನದು ಪಟ್ಟೆಂದು ಬೀಳುತ್ತದೆ, ಇನ್ನೊಂದು ಸರ್ರನೆ ಎಳೆದುಕೊಂಡು ಬರುತ್ತದೆ, ಪಟ್, ಸರ್ರ್, ಪಟ್, ಸರ್ರ್, ನಿನ್ನೆ ಸಂಜೆ ಬಂದು ಬಿ.ಪಿ. ನೋಡಿ ಹೋದ ನರ್ಸೇ ಇರಬೇಕು, ಅವಳಿಗೆ ಒಂದು ಕಾಲು ನೋಯುತ್ತದೋ ಇಲ್ಲಾ ಒಂದು ಚಪ್ಪಲಿಯ ಪಟ್ಟಿ ಸಡಿಲವೋ, ಹತ್ತಿರ ಬಂದಾಗ ಕೇಳೋಣ ಅಂದುಕೊಳ್ಳುವಷ್ಟರಲ್ಲಿ ಸದ್ದು ನನ್ನನ್ನು ದಾಟಿ ಹೋಯಿತು, ಅಂದರೆ ನನ್ನ ಸರದಿ ಇನ್ನೂ ಬಂದಿಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದೇವೆ, ನಿನ್ನೆ ಪೊರೆ ತೆಗೆಸಿಕೊಂಡವರೆಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಣ್ಣು ಕಟ್ಟಿದೆ, ಹತ್ತಿ, ಹತ್ತಿಯ ಮೇಲೆ ತೂತು ತೂತಿನ ಪ್ಲಾಸ್ಟಿಕ್ ಚಿಪ್ಪು, ಅದರ ಮೇಲೆ ಅಡ್ಡಡ್ಡ ಟೇಪು, ಟೇಪು ಕೆನ್ನೆಯನ್ನು ಎಳೆಯುತ್ತಿದೆ, ತುರಿಸಬಾರದು. ಉಳಿದವರಿಗೆ ಕಟ್ಟಿಲ್ಲದ ಇನ್ನೊಂದು ಕಣ್ಣಿದೆ, ಅದರಿಂದ ಗೋಡೆಯ ಗಡಿಯಾರ ನೋಡುತ್ತಾರೆ, ಫೋನು ನೋಡುತ್ತಾರೆ, ಪಕ್ಕದವರ ತಿಂಡಿ ಡಬ್ಬಿಯೊಳಗೆ ಏನಿದೆಯೆಂದು ನೋಡುತ್ತಾರೆ. ನನ್ನ ಬಲಗಣ್ಣೂ ತೆರೆದೇ ಇದೆ, ಆದರೆ ಅದರ ನಟ್ಟನಡುವೆ ಬೂದಿ ಬಣ್ಣದ ಮಬ್ಬೊಂದು ಕೂತಿದೆ, ನಾನು ಎತ್ತ ತಿರುಗಿದರೆ ಅದೂ ಅತ್ತಲೇ ತಿರುಗುತ್ತದೆ, ಅದರ ಸುತ್ತ ಎಷ್ಟು ಉಳಿದಿದೆಯೋ ಅಷ್ಟೇ ಲೋಕ. ತಮ್ಮನ ಮುಖ ಬೇಕೆಂದರೆ ಅವನ ಭುಜ ನೋಡಬೇಕು, ಆಗ ಮುಖ ಅಂಚಿಗೆ ಬಂದು ನಿಲ್ಲುತ್ತದೆ, ನೀರು ಬಿದ್ದ ಕಾಗದದ ಹಾಗೆ, ಮೂಗು ಎಲ್ಲಿ ಬಾಯಿ ಎಲ್ಲಿ ಅಂತ ನಾನೇ ಅಂದಾಜು ಮಾಡಿಕೊಳ್ಳಬೇಕು. ಪಕ್ಕದಲ್ಲೇ ಇದ್ದಾನೆ, ನೆಟಿಕೆ ಮುರಿಯುತ್ತಿದ್ದಾನೆ, ಮುರಿಯಲು ಇನ್ನು ಬೆರಳೇ ಉಳಿದಿಲ್ಲ, ಮತ್ತೆ ಹೆಬ್ಬೆರಳಿಂದ ಶುರು. ನೀನು ಹೋಗಿ ಅಂಗಡಿ ತೆಗಿ, ನಿಮ್ಮ ಭಾವ ಬೇಕರಿ ಮುಗಿಸಿಕೊಂಡು ಬರ್ತಾರೆ ಅಂತ ನಿನ್ನೆಯೇ ಹೇಳಿದೆ, ಹೂಂ ಅಂದವನು ಬೆಳಗ್ಗೆ ನಾನು ಏಳುವಷ್ಟರಲ್ಲಿ ಮಂಚದ ಪಕ್ಕ ನಿಂತಿದ್ದ. ಮಾತಿಲ್ಲ. ಕಣ್ಣು ಬಿಚ್ಚುವವರೆಗೆ ಮಾತಾಡುವುದಿಲ್ಲ ಅಂತ ಮನಸ್ಸಿನಲ್ಲೇ ಏನಾದರೂ ಅಂದುಕೊಂಡಿದ್ದಾನೋ ಏನೋ, ಚಿಕ್ಕವನಿದ್ದಾಗಲೂ ಹಾಗೇ, ಪರೀಕ್ಷೆಯ ಫಲಿತಾಂಶ ಬರುವ ದಿನ ಬಾಯಿಗೆ ಬೀಗ.

ನಮ್ಮದು ಕಟ್ಟಿನ ಅಂಗಡಿ, ಫ್ರೇಮು ಅಂತಾರಲ್ಲ ಅದು, ಅಪ್ಪ ಹಾಕಿದ್ದು, ಫೋಟೋ, ಸರ್ಟಿಫಿಕೇಟು, ಮಗು ಬರೆದ ಚಿತ್ರ, ಸತ್ತವರು, ಮದುವೆಯಾದವರು, ಯಾರು ಬಂದರೂ ನಾಲ್ಕು ಪಟ್ಟಿ ಒಂದು ಗಾಜು, ಅಪ್ಪ ಹೋದ ಮೇಲೆ ನಾನೂ ತಮ್ಮನೂ ನಡೆಸುತ್ತೇವೆ, ಅವನು ಪಟ್ಟಿ ಕೊಯ್ದು ಮೂಲೆ ಕೂಡಿಸುತ್ತಾನೆ, ಗಾಜು ನನ್ನದು, ರಟ್ಟು ನನ್ನದು, ಗಾಜಿನ ಮೇಲೆ ಕೊಯ್ಯುವ ಚಕ್ರ ಎಳೆದಾಗ ಬರುವ ಆ ಸಣ್ಣ ಕಿರ್ ಸದ್ದು ಒಂದೇ ಸಮ ಬಂದರೆ ಗಾಜು ಸರಿಯಾಗಿ ಮುರಿಯುತ್ತದೆ, ನಡುವೆ ತಡವರಿಸಿದರೆ ಹೋಯಿತು, ಮೂಲೆಯಲ್ಲಿ ಚಿಪ್ಪು ಏಳುತ್ತದೆ. ಆ ದಿನ ಒಂದು ಶಾಲೆಯ ಗುಂಪು ಫೋಟೋ, ಉದ್ದನೆಯದು, ಮೂರು ಸಾಲು ಮಕ್ಕಳು, ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದಳು, ಪಾಪ, ಜೀವಮಾನವಿಡೀ ಅವಳು ಆ ಗೋಡೆಯ ಮೇಲೆ ನಿದ್ದೆ ಮಾಡುತ್ತಾಳೆ ಅಂತ ನಾನು ನಗುತ್ತಿದ್ದೆ. ಉದ್ದದ ಕಟ್ಟಾದ್ದರಿಂದ ಒಂದು ಕೊನೆ ನಾನು ಹಿಡಿದುಕೊಳ್ಳಬೇಕು, ಇನ್ನೊಂದು ಕೊನೆಯಿಂದ ಅವನು ಹಿಂದಿನ ರಟ್ಟಿಗೆ ಮೊಳೆ ಹೊಡೆದುಕೊಂಡು ಬರಬೇಕು, ಸಾವಿರ ಸಲ ಮಾಡಿದ ಕೆಲಸ, ಬೆರಳುಗುರಿನಷ್ಟುದ್ದದ ಮೊಳೆ, ಟಕ್ ಟಕ್ ಅಂತ ಬರುತ್ತಿದ್ದ ಸದ್ದು ಒಮ್ಮೆ ಟಿಣ್ ಅಂದಿತು. ಅಷ್ಟೇ. ನೋವು ಅಂತ ಏನೂ ಇಲ್ಲ, ಯಾರೋ ಬೆರಳಿನಿಂದ ಎಡಗಣ್ಣಿಗೆ ಚಿಮ್ಮಿದ ಹಾಗೆ, ಕೆನ್ನೆಯ ಮೇಲೆ ಬೆಚ್ಚಗೆ ಇಳಿಯಿತು, ಅಳು ಬಂತೇನೋ ಅಂದುಕೊಂಡೆ, ಯಾಕೆ ಅಳುತ್ತಿದ್ದೇನೆ ಅಂತ ಆಶ್ಚರ್ಯವೂ ಆಯಿತು, ಕಟ್ಟು ಬೀಳಬಾರದು ಅಂತ ಕೈ ಬಿಡಲಿಲ್ಲ, ಗಾಜು ಒಡೆಯಲಿಲ್ಲ. ಆಮೇಲೆ ತಮ್ಮನ ಮುಖ ನೋಡಿದೆ, ಒಂದೇ ಕಣ್ಣಿನಿಂದ, ಆಗ ಅದಿನ್ನೂ ಚೆನ್ನಾಗಿತ್ತು, ಅವನ ಮುಖ ನೋಡಿದ ಮೇಲೆ ಗೊತ್ತಾಯಿತು ನನಗೇನೋ ಆಗಿದೆ ಅಂತ.

ಹೊಲಿದರು. ಕಣ್ಣನ್ನೂ ಹೊಲಿಯುತ್ತಾರೆ, ನಮ್ಮ ಮನೆಯ ಪಕ್ಕದ ಟೈಲರಿಗೆ ಹೇಳಿದರೆ ನಂಬಲಿಲ್ಲ, ಯಾವ ನಂಬರಿನ ದಾರ ಅಂತ ಕೇಳಿದ. ಡಾಕ್ಟರು ಹೆಂಗಸು, ನನಗಿಂತ ಸಣ್ಣವರು, ಮಾತು ಮುಗಿದಾಗಲೆಲ್ಲ ನೋಡೋಣ ಅನ್ನುತ್ತಾರೆ, ಕಣ್ಣಿನ ಡಾಕ್ಟರ ಬಾಯಲ್ಲಿ ಬರುವ ನೋಡೋಣ, ಅದನ್ನು ಹೇಗೆ ತೆಗೆದುಕೊಳ್ಳಬೇಕೋ. ಸಿಡಿದ ಮೊಳೆಯ ಗಾಯ ಕಪ್ಪುಗುಡ್ಡೆಯ ಅಂಚಿನಲ್ಲಿ ಆಗಿದೆ, ಒಳಗಿನ ಕಂದು ಪದರ ಸ್ವಲ್ಪ ಹೊರಗೆ ಬಂದಿತ್ತು, ಒಳಗೆ ಸೇರಿಸಿ ಹೊಲಿದಿದ್ದೇವೆ ಅಂದರು, ಇನ್ನೊಂದು ವಿಷಯ ಹೇಳಿಬಿಡ್ತೀನಿ ಅಂದರು, ತುಂಬಾ ತುಂಬಾ ಅಪರೂಪ, ಆದರೂ ಹೇಳಬೇಕು, ಈ ಥರ ಗಾಯ ಆದ ಮೇಲೆ ಕೆಲವೇ ಕೆಲವರಿಗೆ ಇನ್ನೊಂದು ಕಣ್ಣಿಗೂ ಉರಿ ಹತ್ತುತ್ತೆ, ಗಾಯವಾದ ಕಣ್ಣನ್ನ ಮೊದಲ ಒಂದೆರಡು ವಾರದಲ್ಲೇ ತೆಗೆದುಬಿಟ್ಟರೆ ಆ ಭಯ ಇರಲ್ಲ ಅಂತಾರೆ, ಆದರೆ ನಿಮ್ಮ ಕಣ್ಣು ಬೆಳಕನ್ನ ಗುರುತಿಸ್ತಾ ಇದೆ, ಬೆಳಕು ಗೊತ್ತಾಗೋ ಕಣ್ಣನ್ನ ಕೀಳೋಕೆ ನನಗೆ ಮನಸ್ಸು ಬರಲ್ಲ, ನೀವು ಹೇಗೆ ಹೇಳ್ತೀರೋ ಹಾಗೆ. ನಾನು ಏನು ಹೇಳಲಿ. ಗೋಡೆಗೆ ಒರಗಿ ನಿಂತಿದ್ದ ತಮ್ಮ, ಬೇಡ ಡಾಕ್ಟ್ರೇ, ಇರಲಿ, ನಮ್ಮಕ್ಕನ ಕಣ್ಣು ಇರಲಿ, ಅಂದ, ನನಗಿಂತ ಮೊದಲೇ. ಇರಲಿ ಅಂದೆ ನಾನೂ. ಹಾಗೆ ಇತ್ತು. ಗಾಯ ಒಣಗಿತು, ಒಳಗೆ ಪೊರೆ ಕಟ್ಟಿ ಕಣ್ಣು ಬೆಳ್ಳಗಾಯಿತು, ಹಾಲು ಬೆರೆಸಿದ ಗಾಜಿನ ಹಾಗೆ, ಟಾರ್ಚು ಬಿಟ್ಟು ಬೆಳಕು ಎಲ್ಲಿಂದ ಬರ್ತಿದೆ ಅಂತ ಕೇಳಿದರೆ ಮೇಲೆ, ಕೆಳಗೆ, ಕಿವಿಯ ಕಡೆ ಅಂತ ಬೆರಳು ತೋರಿಸುತ್ತಿದ್ದೆ, ಒಂದೂ ತಪ್ಪುತ್ತಿರಲಿಲ್ಲ, ಅದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಮನೆಯಲ್ಲಿ ಇವರು, ನನ್ನ ಗಂಡ, ತಮಾಷೆಗೆ, ನಿನ್ನ ಎಡಗಣ್ಣು ರಜೆ ಹಾಕಿದೆ, ಬಲಗಣ್ಣಿಗೆ ಓವರ್‌ಟೈಮು ಅಂದರು, ಒಂದು ಕಣ್ಣಿಗೆ ಬೇಗ ಒಗ್ಗಿಹೋದೆ, ಲೋಟಕ್ಕೆ ನೀರು ಬಗ್ಗಿಸುವಾಗ ಮಾತ್ರ ಮೇಜಿನ ಮೇಲೆ ಚೆಲ್ಲುತ್ತಿತ್ತು, ಗಾಜು ಕೊಯ್ಯುವುದು ಬಿಡಲಿಲ್ಲ. ತಮ್ಮ ಮಾತ್ರ ಸುತ್ತಿಗೆ ಬಿಟ್ಟ. ನನಗೆ ಹೇಳಲಿಲ್ಲ, ಕೇಳಲೂ ಇಲ್ಲ, ಸುಮ್ಮನೆ ಒಂದು ದಿನ ಅಂಟಿನ ಡಬ್ಬಗಳು ಬಂದವು, ಅಗಲದ ಟೇಪು ಬಂತು, ಕಟ್ಟಿನ ಹಿಂದೆ ಮೊಳೆಯೇ ಇಲ್ಲ, ಎಲ್ಲ ಅಂಟು, ಗಿರಾಕಿಗಳು ಕೇಳಿದರೆ ಈಗೆಲ್ಲಾ ಹೀಗೇ ಸಾರ್ ಅನ್ನುತ್ತಿದ್ದ.

ಶುರುವಾಗಿದ್ದು ಬೆಳಕಿನಿಂದ, ಅಂಗಡಿಯ ಶಟರು ಎತ್ತಿದರೆ ಬೀದಿಯ ಬಿಸಿಲು ಬಲಗಣ್ಣಿಗೆ ಚುಚ್ಚುತ್ತಿತ್ತು, ಶಟರನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ, ಬರುವವರೆಲ್ಲ ಬಗ್ಗಿ ಒಳಗೆ ಬರಬೇಕು, ಒಬ್ಬರು ತಲೆ ಬಡಿಸಿಕೊಂಡರು. ಆಮೇಲೆ ಹತ್ತಿರದ್ದು ಮಬ್ಬು, ಅಳತೆಪಟ್ಟಿಯ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡವು, ವಯಸ್ಸಾಯಿತಲ್ಲ ಚಾಳೀಸು ಅಂದುಕೊಂಡೆ, ಕನ್ನಡಕದ ಅಂಗಡಿಯವನೂ ಹಾಗೇ ಅಂದ, ಹೊಸ ಕನ್ನಡಕ ಕೊಟ್ಟ, ಅದರಲ್ಲಿ ಮಬ್ಬು ಇನ್ನೂ ದೊಡ್ಡದಾಗಿ ಕಂಡಿತು. ಕಣ್ಣುಗುಡ್ಡೆಯ ಹಿಂದೆ ಒಂದು ಮೊಂಡು ನೋವು, ಹಲ್ಲುನೋವಿನ ತಂಗಿಯ ಹಾಗೆ, ಜೊತೆಗೆ ಕಿವಿಯಲ್ಲಿ ಗುಂಯ್. ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನೇರ ಗೆರೆ ಎಳೆದರೆ ನಡುವೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು, ಅಳತೆಪಟ್ಟಿಯೇ ಸೊಟ್ಟಗಾಗಿದೆ ಅಂತ ತಮ್ಮನನ್ನು ಬೈದೆ, ಇದನ್ನ ಬಿಸಿಲಲ್ಲಿ ಯಾಕೋ ಇಟ್ಟೆ ಅಂದೆ, ಅವನು ಪಟ್ಟಿ ತೆಗೆದುಕೊಂಡು ಕಣ್ಣಿಗೆ ನೇರ ಹಿಡಿದು ನೋಡಿದ, ಮತ್ತೆ ನನ್ನ ನೋಡಿದ, ಅಕ್ಕಾ ಪಟ್ಟಿ ನೆಟ್ಟಗಿದೆ, ಅಂದ, ಅಂದು ಶಟರು ಎಳೆದೇಬಿಟ್ಟ, ಆಟೋ ಕರೆದ. ಡಾಕ್ಟರು ಗದ್ದ ಇಡುವ ಯಂತ್ರದ ಆಚೆಯಿಂದ ಸಣ್ಣ ಬೆಳಕಿನ ಗೆರೆ ಬಿಟ್ಟು ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು, ಮತ್ತೆ ಬಲಗಣ್ಣು ನೋಡಿದರು, ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು, ಅದು ನಿಂತಿತು, ಆಗ ನೋಡೋಣ ಅನ್ನಲಿಲ್ಲ. ಅಪರೂಪ ಅಂದಿದ್ದೆನಲ್ಲ, ಅದೇ ಬಂದಿದೆ ಅಂದರು. ಹೆಸರು ಹೇಳಿದರು, ಸಿಂಪಥೆಟಿಕ್ ಅಂತ ಮೊದಲ ಅರ್ಧ, ಉಳಿದರ್ಧ ನನ್ನ ನಾಲಿಗೆಗೆ ಇವತ್ತಿಗೂ ಬರುವುದಿಲ್ಲ, ಸಿಂಪಥಿ ಅಂದ್ರೆ ಕನಿಕರ ಅಲ್ವಾ ಅಂತ ತಮ್ಮ ಕೇಳಿದ, ಹೌದು ಅಂದರು, ಒಂದು ಕಣ್ಣಿನ ನೋವಿಗೆ ಇನ್ನೊಂದು ಕಣ್ಣು ಕನಿಕರ ಪಡುತ್ತೆ ಅಂತ ಹಳೇ ಕಾಲದವರು ಇಟ್ಟ ಹೆಸರು. ಆಮೇಲೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು, ನೋಡಿ ಅಮ್ಮ, ಮೈಯಲ್ಲಿ ಕಾವಲಿನವರು ಇರ್ತಾರೆ, ರಕ್ತದಲ್ಲಿ ಓಡಾಡ್ಕೊಂಡು, ಯಾರು ನಮ್ಮವರು ಯಾರು ಹೊರಗಿನವರು ಅಂತ ನೋಡೋದೇ ಅವರ ಕೆಲಸ, ಕಣ್ಣಿನ ಒಳಗೆ ಮಾತ್ರ ಅವರು ಯಾವತ್ತೂ ಹೋಗಿರಲ್ಲ, ಅಲ್ಲಿ ಏನಿದೆ ಅಂತ ಅವರಿಗೆ ಗೊತ್ತೇ ಇಲ್ಲ, ಗಾಯ ಆದಾಗ ಒಳಗಿನ ಪದರ ಹೊರಗೆ ಬಂತಲ್ಲ, ಅವರು ಮೊದಲ ಸಲ ನೋಡಿದರು, ಇದ್ಯಾರೋ ಕಳ್ಳ ಅಂದುಕೊಂಡರು, ಈಗ ಅದೇ ಥರದವನು ಇನ್ನೊಂದು ಕಣ್ಣಲ್ಲೂ ಇದ್ದಾನಲ್ಲ ಅಂತ ಅಲ್ಲಿಗೂ ನುಗ್ಗಿದ್ದಾರೆ. ಹಾಗಾದರೆ ಕನಿಕರ ಎಲ್ಲಿ ಬಂತು, ಇದು ಅನುಮಾನ. ಹಾಗಂದುಕೊಂಡೆ. ತಮ್ಮ ಕೇಳಿದ್ದು ಒಂದೇ, ಅವತ್ತೇ ಆ ಕಣ್ಣು ತೆಗೆದಿದ್ರೆ ಇದು ಬರ್ತಿರಲಿಲ್ವಾ. ಡಾಕ್ಟರು ಸುಳ್ಳು ಹೇಳಲಿಲ್ಲ, ಬಹುಶಃ ಬರ್ತಿರಲಿಲ್ಲ ಅಂದರು. ಇರಲಿ ಅಂದಿದ್ದವನು ಅವನು.

ಮಲಗಿಸಿದರು, ಕೈಗೆ ಸೂಜಿ, ಸ್ಟೀರಾಯ್ಡು, ಸೀಸೆ ನೇತುಹಾಕಿದ ಕೂಡಲೇ ನಾಲಿಗೆಯ ಮೇಲೆ ನಾಣ್ಯ ಇಟ್ಟ ಹಾಗೆ ರುಚಿ, ಮೈಯೆಲ್ಲ ಬಿಸಿ, ನಿದ್ದೆ ಇಲ್ಲ, ಹಸಿವು ಅಂದರೆ ಎಂಥ ಹಸಿವು, ಮಂಚದ ಕಾಲು ಕಡಿಯುವಷ್ಟು. ಮೊದಲೆರಡು ದಿನ ಬಲಗಣ್ಣು ಇನ್ನೂ ಇಳಿಯಿತು, ಕಿಟಕಿ ಇದೆ ಅಂತ ಗೊತ್ತಾಗುತ್ತಿತ್ತು, ಕಿಟಕಿಯಲ್ಲಿ ಏನಿದೆ ಅಂತ ಗೊತ್ತಾಗುತ್ತಿರಲಿಲ್ಲ, ಡಾಕ್ಟರು ಮುಖದ ಮುಂದೆ ಬೆರಳು ಹಿಡಿದು ಎಷ್ಟು ಅಂದರೆ ನಾನು ಯಾವ ಬೆರಳು ಅಂತ ಕೇಳಿದೆ, ಎರಡು ಕಣ್ಣೂ ತೆರೆದುಕೊಂಡು ಏನೂ ಕಾಣದೆ ಕೂತಿರುವುದು, ಆಗ ಮಾತ್ರ ಹೆದರಿದೆ, ಹೆದರಿಕೆ ಗಲಾಟೆ ಮಾಡಲಿಲ್ಲ, ಸುಮ್ಮನೆ ಬಂದು ಹೊದಿಕೆಯ ಹಾಗೆ ಹೊದ್ದುಕೊಂಡಿತು. ಬಂದವರು ಯಾರು ಅಂತ ವಾಸನೆಯಿಂದಲೇ ಗೊತ್ತಾಗುತ್ತಿತ್ತು, ಇವರು ಬಂದರೆ ಸುಟ್ಟ ಹಿಟ್ಟು, ಬೆಣ್ಣೆ, ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು, ಬಿಸಿ ಬನ್ನು ಕಾಗದದಲ್ಲಿ ಸುತ್ತಿ ತಂದು ಕೈಗಿಡುತ್ತಿದ್ದರು, ನಾನು ತಿನ್ನುವುದನ್ನು ಕೇಳಿಸಿಕೊಳ್ಳುತ್ತಾ ಕೂತಿರುತ್ತಿದ್ದರು, ಇನ್ನೊಂದು ತರಲಾ, ಇಷ್ಟೇ, ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಇನ್ನೊಂದು ತರಲಾ ಅನ್ನುವಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿರಲಿಲ್ಲ. ತಮ್ಮ ಬಂದರೆ ಅಂಟಿನ ವಾಸನೆ. ಕಲಿಯುವ ಡಾಕ್ಟರುಗಳು ಬಂದರೆ ಸೋಪು, ಗುಂಪಾಗಿ ಬರುತ್ತಿದ್ದರು, ಒಬ್ಬೊಬ್ಬರಾಗಿ ಯಂತ್ರದ ಮುಂದೆ ಕೂತು ನನ್ನ ಕಣ್ಣೊಳಗೆ ಇಣುಕುತ್ತಿದ್ದರು, ಪುಸ್ತಕದಲ್ಲಿ ಮಾತ್ರ ನೋಡಿದ್ವಿ ಮೇಡಂ ಅಂತ ಒಬ್ಬಳು ಅಂದಳು, ಅವಳ ದನಿಯಲ್ಲಿ ಖುಷಿ, ನನಗೆ ಬೇಜಾರಾಗಲಿಲ್ಲ, ಹುಟ್ಟಿದಾಗಿನಿಂದ ನನ್ನನ್ನು ಯಾರೂ ಅಪರೂಪ ಅಂದಿರಲಿಲ್ಲ. ಮೂರನೆಯ ಸೀಸೆ ಮುಗಿದ ಮೇಲೆ ಕಿಟಕಿಯಲ್ಲಿ ಸರಳು ಬಂತು. ಒಂದು ಸರಳು, ಆಮೇಲೆ ಇನ್ನೊಂದು. ಸೀಸೆ ಹೋಗಿ ಮಾತ್ರೆ ಬಂತು, ಬೆಳಗ್ಗೆ ತಿಂಡಿಯ ಮೇಲೆ ಮಾತ್ರೆಗಳದೇ ಇನ್ನೊಂದು ತಿಂಡಿ, ಮುಖ ಊದಿ ಗುಂಡಗಾಯಿತು, ಗದ್ದದ ಕೆಳಗೆ ಇನ್ನೊಂದು ಗದ್ದ, ಬೀದಿಯಲ್ಲಿ ಸಿಕ್ಕ ಹಳೆಯ ಗಿರಾಕಿಯೊಬ್ಬರು ಚೆನ್ನಾಗಿ ಆಗಿದೀರಲ್ಲಮ್ಮ ಅಂದರು, ಥ್ಯಾಂಕ್ಸ್ ಅಂದೆ, ಇನ್ನೇನು ಅನ್ನಲಿ. ಮಾತ್ರೆ ನಿಧಾನಕ್ಕೆ ಇಳಿಸಬೇಕು, ಮೆಟ್ಟಿಲು ಇಳಿದ ಹಾಗೆ, ಒಂದು ಹಂತಕ್ಕೆ ಬಂದಾಗ ಮತ್ತೆ ಕೆಂಪು, ಮತ್ತೆ ಬೆಳಕು ಚುಚ್ಚಿತು, ಮತ್ತೆ ಮೇಲೆ ಹತ್ತಿಸಿದರು, ಇದೊಂದೇ ಸಾಲದು ಅಂತ ಕಾವಲಿನವರನ್ನು ಮಲಗಿಸುವ ಇನ್ನೊಂದು ಮಾತ್ರೆ ಸೇರಿಸಿದರು, ಅದಕ್ಕೆ ರಕ್ತ ಪರೀಕ್ಷೆ, ನೆಗಡಿ ಬಂದವರ ಹತ್ತಿರ ಹೋಗಬೇಡಿ, ಜ್ವರ ಬಂದರೆ ಆ ದಿನವೇ ಬನ್ನಿ. ರೆಪ್ಪೆಯ ಕೂದಲು ನಾಲ್ಕು ಬೆಳ್ಳಗಾದವು, ಅದೂ ಈ ರೋಗದ್ದೇ ಅಂತೆ, ಒಂದೊಂದು ಸಲ ಹಾಗಾಗುತ್ತದಂತೆ.

ಆಗಲೇ ತಮ್ಮ ಶುರುಮಾಡಿದ್ದು, ಆ ಕಣ್ಣು ತೆಗೆಸೋಣ ಅಂತ. ಡಾಕ್ಟರ ಬಳಿ ಹೋದಾಗಲೆಲ್ಲ ಕೇಳುತ್ತಿದ್ದ, ಮೂಲ ಅದೇ ತಾನೇ, ಬೇರನ್ನೇ ಕಿತ್ತುಬಿಟ್ರೆ ಇದು ನಿಲ್ಲಲ್ವಾ, ಅವರು ಬೇಸರ ಮಾಡಿಕೊಳ್ಳದೆ ಹೇಳುತ್ತಿದ್ದರು, ಬೆಂಕಿ ಪಕ್ಕದ ಮನೆಗೂ ಹತ್ತಿದ ಮೇಲೆ ಮೊದಲ ಮನೆ ಕೆಡವಿದರೆ ಬೆಂಕಿ ಆರುತ್ತೆ ಅಂತ ಹೇಳೋಕಾಗಲ್ಲ, ಕೆಲವು ಡಾಕ್ಟರು ತೆಗೀಬೇಕು ಅಂತಾರೆ, ಕೆಲವರು ಬೇಡ ಅಂತಾರೆ, ನಾನು ಬೇಡ ಅನ್ನೋಳು, ಯಾಕೆ ಅಂದ್ರೆ ಕೆಲವು ಸಲ ಎಲ್ಲಾ ಮುಗಿದ ಮೇಲೆ ನೋಡಿದರೆ ಗಾಯವಾದ ಕಣ್ಣೇ ಹೆಚ್ಚು ಉಳಿದಿರುತ್ತೆ. ಅವನಿಗೆ ಅದು ಹಿಡಿಸಲಿಲ್ಲ. ನನ್ನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಅವರು ಎಡಗಣ್ಣನ್ನು ನೋಡಿ, ಕಾಣದ ಕಣ್ಣು ಯಾಕಮ್ಮ ಇಟ್ಟುಕೊಂಡಿದ್ದೀರಿ, ತೆಗೆದು ಗಾಜಿನದು ಹಾಕಿದರೆ ಚೆನ್ನಾಗಿ ಕಾಣುತ್ತೀರಿ ಅಂದರು, ಗಾಜು ಅಂದ ಕೂಡಲೇ ನನಗೆ ನಗು ಬಂತು, ಜೀವಮಾನವೆಲ್ಲ ಗಾಜು ಕೊಯ್ದವಳು, ಎಷ್ಟು ದಪ್ಪದ್ದು ಅಂತ ಕೇಳೋಣ ಅನ್ನಿಸಿತು. ದಾರಿಯುದ್ದಕ್ಕೂ ತಮ್ಮ ಹೇಳುತ್ತಲೇ ಬಂದ, ಅಂಗಡಿಗೆ ಬಂದು ಶಟರು ಎತ್ತಿದ, ನಾನು ಕೆಲಸದ ಮೇಜಿನ ಮುಂದೆ ನನ್ನ ಸ್ಟೂಲಿನ ಮೇಲೆ ಕೂತೆ, ಅಕ್ಕಾ, ಬೇಡ ಆ ಕಣ್ಣು, ತೆಗೆಸಿಬಿಡೋಣ. ಯಾರ ಕಣ್ಣೋ ಅದು. ನಿಂದೇ. ಮತ್ತೆ ನಂಗಿಂತ ಮುಂಚೆ ನೀನೇ ಹೇಳ್ತೀಯಲ್ಲ, ಅವತ್ತೂ ಹಾಗೇ, ಇವತ್ತೂ ಹಾಗೇ. ಅವನು ಟೇಪಿನ ಸುರುಳಿ ತಿರುಗಿಸುತ್ತಿದ್ದ, ಅದರ ಸದ್ದು ಬರುತ್ತಿತ್ತು, ಆಮೇಲೆ ತುಂಬ ಸಣ್ಣ ದನಿಯಲ್ಲಿ, ನಂಗೆ ಅದನ್ನ ನೋಡೋಕಾಗಲ್ಲ ಅಕ್ಕ, ನೀನು ಮಾತಾಡೋವಾಗ ಬಲಗಣ್ಣು ಎಲ್ಲೋ ಪಕ್ಕ ನೋಡುತ್ತೆ, ಇದೊಂದೇ ನನ್ನ ಕಡೆಗೆ ನೋಡೋದು. ಅದಕ್ಕೆ ಕಾಣೋದೇ ಇಲ್ಲವಲ್ಲೋ, ಯಾಕೆ ಹೆದರ್ತೀಯ. ಹೆದರೋದಲ್ಲ, ಅಂದ, ಉಸಿರು ಎಳೆದುಕೊಂಡ ಸದ್ದು. ಅಂಟಿನ ವಾಸನೆ ಅಂಗಡಿ ತುಂಬ. ಅವನಿಗೆ ತೆಗೆಸಬೇಕಾಗಿದ್ದು ರೋಗವನ್ನಲ್ಲ, ಆ ಟಿಣ್ ಅನ್ನುವ ಸದ್ದನ್ನು, ಅದು ನನ್ನ ಕಣ್ಣಲ್ಲಿಲ್ಲ, ಯಾವ ಡಾಕ್ಟರು ಕಿತ್ತು ಕೊಟ್ಟಾರು. ಸುತ್ತಿಗೆ ಎಲ್ಲಿದೆಯೋ ಅಂದೆ. ಯಾಕೆ. ತಗೊಂಡು ಬಾ. ಕೆಳಗಿನ ಡ್ರಾಯರಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ, ಸತ್ತ ಹಕ್ಕಿಯನ್ನು ಇಟ್ಟ ಹಾಗೆ. ಅಂಟಿಸಲು ಕಾದಿದ್ದ ಒಂದು ಕಟ್ಟು ಮೇಜಿನ ಮೇಲಿತ್ತು, ಅದರ ಮೂಲೆಯನ್ನು ತಡವಿ ಹಿಡಿದುಕೊಂಡೆ, ಎರಡೂ ಕೈಯಲ್ಲಿ, ಮೊದಲು ಹಿಡಿಯುತ್ತಿದ್ದ ಹಾಗೇ, ಹೊಡಿ ಅಂದೆ. ಬೇಡ ಅಕ್ಕ. ಹೊಡಿಯೋ, ಅಂಟು ಹಾಕಿದ ಕಟ್ಟು ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತೆ, ಅಪ್ಪ ಹಾಕಿದ್ದು ಇನ್ನೂ ಗೋಡೆ ಮೇಲಿದೆ. ಅವನು ಹೋಗಿ ಆ ದೊಡ್ಡ ಪ್ಲಾಸ್ಟಿಕ್ ಕನ್ನಡಕ ತಂದ, ಗಾಯವಾದ ಮೇಲೆ ಡಜನ್ನುಗಟ್ಟಲೆ ತಂದಿಟ್ಟಿದ್ದಾನೆ, ಕಸ ಗುಡಿಸುವಾಗಲೂ ಹಾಕಿಕೊಳ್ಳುತ್ತಾನೆ, ನನ್ನ ಕಿವಿಯ ಹಿಂದೆ ಅದರ ದಾರ ಸಿಕ್ಕಿಸಿದ, ಕೂದಲು ಸರಿಮಾಡಿದ, ಅವನ ಬೆರಳು ತಣ್ಣಗಿತ್ತು, ಬಹಳ ಹೊತ್ತು ಏನೂ ಆಗಲಿಲ್ಲ, ಬೀದಿಯಲ್ಲಿ ಒಂದು ಲಾರಿ ಹಿಂದೆ ಸರಿಯಿತು, ಆಮೇಲೆ ಟಕ್. ಸಣ್ಣಗೆ. ಟಕ್, ಟಕ್. ಮೂಲೆ ನನ್ನ ಕೈಯಲ್ಲಿ ಅದುರಿತು, ಮರದ ಆ ಅದುರು ಮೊಣಕೈವರೆಗೆ ಬಂತು, ಎಷ್ಟು ದಿನವಾಗಿತ್ತು. ಇನ್ನೊಂದು ಅಂದೆ. ಕಣ್ಣು ಇರುತ್ತೆ ಅಂತಲೂ ಅಂದೆ. ಅವನು ಮೂಗು ಒರೆಸಿಕೊಂಡು, ಸರಿ, ಅಂದ.

ಆಮೇಲೆ ಕಾಯುವುದು. ಉರಿ ಆರಿತು, ಪೂರ್ತಿ ಆರಲು ಬಹಳ ಕಾಲ ಹಿಡಿಯಿತು, ಆದರೆ ಬಲಗಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಕಲೆ ಉಳಿಯಿತು, ಅದು ಹೋಗಲ್ಲ ಅಮ್ಮ ಅಂದರು ಡಾಕ್ಟರು, ಒಳಗಿನ ಬಣ್ಣವೆಲ್ಲ ಕರಗಿ ಸೂರ್ಯ ಮುಳುಗೋ ಹೊತ್ತಿನ ಆಕಾಶದ ಹಾಗೆ ಕೆಂಪಗೆ ಕಾಣುತ್ತೆ ಅಂದರು, ನೋಡೋಕೆ ಚೆನ್ನಾಗಿದೆಯಾ ಅಂತ ಕೇಳಿದೆ, ಒಂದು ಕ್ಷಣ ಬಿಟ್ಟು, ಚೆನ್ನಾಗಿದೆ ಅಂದರು. ಮನೆಗೆ ಬಂದು ಇವರಿಗೆ ಹೇಳಿದೆ, ಕಟ್ಟು ಕಾಣುತ್ತೆ ರೀ, ಒಳಗಿನ ಫೋಟೋ ಮಾತ್ರ ಕಾಣಲ್ಲ, ನಮ್ಮ ಕಸುಬಿಗೆ ಸರಿಯಾಗಿದೆ, ಇವರು ನಗಲಿಲ್ಲ, ನನ್ನ ತಟ್ಟೆಯಲ್ಲಿ ಏನು ಎಲ್ಲಿದೆ ಅಂತ ಹೇಳುವುದಕ್ಕೆ ಶುರುಮಾಡಿದರು, ಅವತ್ತಿನಿಂದ ದಿನಾ ಹೇಳುತ್ತಾರೆ, ನಿನ್ನ ಕಡೆ ಪಲ್ಯ, ಆಚೆ ಕಡೆ ಉಪ್ಪು. ಗಾಜು ಕೊಯ್ಯುವುದು ಬಿಟ್ಟೆ, ಗಾಜು ಒರೆಸುವುದು ಬಿಡಲಿಲ್ಲ, ಹಳೆಯ ಪೇಪರು ಒದ್ದೆ ಮಾಡಿ ಗುಂಡಗೆ ತಿಕ್ಕಿದರೆ ಕೀಚ್ ಅನ್ನಬೇಕು, ಕೀಚ್ ಅಂದರೆ ಗಾಜು ತಿಳಿಯಾಯಿತು ಅಂತ, ಅದಕ್ಕೆ ಕಣ್ಣು ಬೇಡ. ಗಿರಾಕಿಗಳ ಜೊತೆ ಮಾತು ನನ್ನದು, ಮೊಳೆ ಅವನದು. ಕಳೆದ ಸಲ ಹೋದಾಗ ಡಾಕ್ಟರು ಎರಡೂ ಕಣ್ಣು ನೋಡಿ, ಎಷ್ಟೋ ತಿಂಗಳಿಂದ ಉರಿಯ ಒಂದು ಕಣವೂ ಇಲ್ಲ, ಅಷ್ಟು ಶಾಂತವಾಗಿದೆ, ಈಗ ಎಡಗಣ್ಣಿನ ಪೊರೆ ತೆಗೆಯಬಹುದು ಅಂದರು, ಮುಟ್ಟಿದರೆ ಮತ್ತೆ ಉರಿ ಏಳಬಹುದು, ಪೊರೆಯ ಹಿಂದೆ ಪರದೆ ಹೇಗಿದೆಯೋ ಪೂರ್ತಿ ಗೊತ್ತಿಲ್ಲ, ಸ್ವಲ್ಪ ಸಿಗಬಹುದು, ಏನೂ ಸಿಗದೆಯೂ ಇರಬಹುದು, ಹೇಗೆ ಹೇಳ್ತೀರಿ. ತಮ್ಮ ಪಕ್ಕದಲ್ಲೇ ಇದ್ದ, ಬಾಯಿ ತೆರೆದ ಸದ್ದು ಕೇಳಿಸಿತು, ಮುಚ್ಚಿಕೊಂಡ ಸದ್ದೂ ಕೇಳಿಸಿತು. ನಾನು ಹೇಳುವವರೆಗೆ ಕಾದ. ಮಾಡಿ ಅಂದೆ. ನಿನ್ನೆ ಮಾಡಿದರು, ಮೇಲೆ ಮೂರು ದೀಪ, ದೀಪಗಳು ನೀರಿನಲ್ಲಿ ಅಲುಗಾಡಿದವು, ಯಾರೋ ಯಂತ್ರದ ಸದ್ದಿನ ನಡುವೆ ರಜಕ್ಕೆ ಎಲ್ಲಿ ಹೋಗುವುದು ಅಂತ ಮಾತಾಡುತ್ತಿದ್ದರು, ಅದನ್ನು ಕೇಳುತ್ತಾ ಭಯ ಮರೆತೆ, ಕೊನೆಗೆ ಎಲ್ಲಿ ಹೋಗುವುದು ಅಂತ ತೀರ್ಮಾನವಾಗಲೇ ಇಲ್ಲ.

ಪಟ್, ಸರ್ರ್, ಈ ಸಲ ಸದ್ದು ನನ್ನ ಮುಂದೆಯೇ ನಿಂತಿತು, ಬನ್ನಿ ಅಮ್ಮ, ತಮ್ಮನ ಕೈ ನನ್ನ ಮೊಣಕೈ ಹಿಡಿಯಿತು, ಬಾಗಿಲು, ತಣ್ಣನೆಯ ಕೋಣೆ, ಕೂರಿ, ಗದ್ದ ಮೇಲೆ, ಟೇಪು ಬಿಚ್ಚುತ್ತಾರೆ, ಕೆನ್ನೆಯ ಕೂದಲೆಲ್ಲ ಅದರ ಜೊತೆ ಹೋಗುತ್ತದೆ, ಚಿಪ್ಪು ಹೋಯಿತು, ಹತ್ತಿ ಹೋಯಿತು, ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿದರು, ಅಂಟಿಕೊಂಡಿದೆ, ನಿಧಾನಕ್ಕೆ, ಅವಸರ ಬೇಡ, ಬಲಗಣ್ಣು ನಾನು ಮುಚ್ಚಿರ್ತೀನಿ, ಡಾಕ್ಟರ ಅಂಗೈ ಬಲಗಣ್ಣಿನ ಮೇಲೆ, ಬೆಚ್ಚಗೆ, ಈಗ ಎಡಗಡೆ ತೆಗೀರಿ. ಬಿಳಿ. ಬರೀ ಬಿಳಿ, ಬಿಳಿ ಇಷ್ಟೊಂದು ಬಿಳಿಯಿರುತ್ತದೆ ಅಂತ ಮರೆತೇಹೋಗಿತ್ತು, ಆಮೇಲೆ ನೀಲಿ, ನೀಲಿಯದೇನೋ ನೇತಾಡುತ್ತಿದೆ, ಪರದೆ, ಕಿಟಕಿಯ ಪರದೆ, ಅಂಚೆಲ್ಲ ನೀರಿನಲ್ಲಿ ನೆನೆದ ಹಾಗೆ, ರೆಪ್ಪೆ ಬಡಿದೆ, ನೀರು ಇಳಿಯಿತು, ಇನ್ನೊಮ್ಮೆ ಬಡಿದೆ, ಅಂಚು ಒಟ್ಟಾಯಿತು. ಏನಾದರೂ ಕಾಣ್ತಿದೆಯಾ ಅಮ್ಮ. ಬಾಗಿಲ ಹತ್ತಿರ ಒಬ್ಬ ಗಂಡಸು ನಿಂತಿದ್ದಾನೆ, ಕಿವಿಯ ಬಳಿ ಕೂದಲು ನರೆತಿದೆ, ಇಷ್ಟು ಯಾವಾಗ ನರೆಯಿತು, ತುಟಿ ಕಚ್ಚಿಕೊಂಡಿದ್ದಾನೆ, ಅವನ ಶರ್ಟಿನ ಗುಂಡಿ ತಪ್ಪಿದೆ. ಎರಡನೆಯ ಗುಂಡಿ ಮೂರನೆಯ ಕಾಜದಲ್ಲಿದೆ, ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ತಪ್ಪಿವೆ, ಎದೆಯ ಮೇಲೆ ಬಟ್ಟೆ ಸಣ್ಣ ಚೀಲದ ಹಾಗೆ ಉಬ್ಬಿದೆ, ಕಾಲರಿನ ಒಂದು ಕಡೆ ಗದ್ದಕ್ಕೆ ತಾಗುತ್ತಿದೆ. ಅಲ್ಲಿ ಬೋರ್ಡು ನೋಡಿ, ಮೇಲಿನ ಅಕ್ಷರ ಓದಿ, ಓದಿದೆ, ಅದರ ಕೆಳಗಿನದು, ಓದಿದೆ, ಅದರ ಕೆಳಗಿನದರಲ್ಲಿ ಒಂದು ತಪ್ಪಿತು, ಪರವಾಗಿಲ್ಲ, ಮೊದಲ ದಿನಕ್ಕೆ ಇದು ತುಂಬಾ ಚೆನ್ನಾಗಿದೆ ಅಂದರು, ಉರಿ ಏಳದ ಹಾಗೆ ನೋಡಿಕೊಳ್ಳಬೇಕು, ಹನಿ ಬಿಡಬಾರದು, ಮಾತ್ರೆ ಬಿಡಬಾರದು, ಎಷ್ಟು ಉಳಿಯುತ್ತೋ ನೋಡೋಣ, ನಾನು ಬೋರ್ಡು ಬಿಟ್ಟು ಮತ್ತೆ ಬಾಗಿಲು ನೋಡಿದೆ, ಎರಡನೆಯ ಗುಂಡಿ, ಮೂರನೆಯ ಕಾಜ. ಅಕ್ಕಾ, ಕಾಣ್ತಾ, ಅಂದ. ಬೆಳಗ್ಗೆಯಿಂದ ಹೀಗೇ ಓಡಾಡಿದ್ದಾನೆ, ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಹೊರಗಿನ ಬೆಂಚಿನ ಮೇಲೆ, ಯಾರೂ ಅವನಿಗೆ ಹೇಳಿಲ್ಲ, ಹೇಳಬೇಕು, ಬಾಯಿ ತೆರೆದೆ, ಹೇಳಿದ ಕೂಡಲೇ ಅವನು ಸರಿಮಾಡಿಕೊಂಡುಬಿಡುತ್ತಾನೆ, ಇನ್ನೊಂದು ಸ್ವಲ್ಪ ಹೊತ್ತು ಇರಲಿ, ಎರಡನೆಯ ಗುಂಡಿ, ಮೂರನೆಯ ಕಾಜ, ನಡುವೆ ಉಬ್ಬಿದ ಬಟ್ಟೆ, ಅದು ಅವನ ಉಸಿರಿನ ಜೊತೆ ಏಳುತ್ತದೆ, ಇಳಿಯುತ್ತದೆ, ಎರಡನೆಯ ಗುಂಡಿ —